ಕನ್ನಡಕ ಧರಿಸಿದ ಸಂಗಾತಿ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮ ಹಿರಿಯರ ಮಾತು. ಪುಸ್ತಕದ ಓದಿನಿಂದ ಬರುವ ತಿಳಿವು ಒಂದು ಬಗೆಯದು. ಮನೆಯ ಸುಖವನ್ನು ಬಿಟ್ಟು, ಬೆಟ್ಟ ಬಯಲುಗಳನ್ನು ದಾಟಿ, ಬಯಲಿನಲ್ಲಿಯೇ ಬೀಡುಬಿಟ್ಟು ಮಲಗಿ ಎದ್ದು ಬರುವವನಿಗೆ ದೊರೆಯುವ ತಿಳಿವು ಇನ್ನೊಂದು ಬಗೆಯದು. ಹೀಗೆ ಹೊರಡುವವನು ಬುತ್ತಿ ಕಟ್ಟಿಕೊಳ್ಳುವಷ್ಟೇ ಎಚ್ಚರದಿಂದ ಜೊತೆಗಾರನನ್ನೂ ಆರಿಸಿಕೊಳ್ಳುತ್ತಾನೆ. ಆ ಜೊತೆಗಾರನು ಮನುಷ್ಯನೇ ಆಗಿರಬೇಕೆಂಬ ನಿಯಮವಿಲ್ಲ. ಮಹಾಪ್ರಸ್ಥಾನಕ್ಕೆ ಹೊರಟ ಧರ್ಮರಾಯನನ್ನು ಕಡೆಯವರೆಗೆ ಹಿಂಬಾಲಿಸಿದುದು ಒಂದು ನಾಯಿ. ಅದನ್ನು ಬಿಟ್ಟು ತಾನೊಬ್ಬನೇ ಸ್ವರ್ಗಕ್ಕೆ ಬರಲಾರೆನೆಂದು ಅವನು ನಿಂತ ಕಥೆ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು.

ಬೇಟೆಗಾರನೂ ಕುರಿಗಾಹಿಯೂ ಸಾವಿರಾರು ವರ್ಷಗಳಿಂದ ನಾಯಿಯೊಡನೆ ಕಾಡುಮೇಡುಗಳನ್ನು ಅಲೆದಿದ್ದಾರೆ. ಮೋಟಾರು ಕಾರು ಬಂದ ಮೇಲೆ ಈ ಹಳೆಯ ಗೆಳೆತನವು ಹೊಸ ದಾರಿಯನ್ನು ಹಿಡಿಯಿತು. ಇಂದು ಎರಡು ಮೂರು ದಿನಗಳ ಬಿಡುವು ಸಿಕ್ಕರೆ ಸಾಕು, ಡೇರೆಯನ್ನು ಕಟ್ಟಿಕೊಂಡು, ಸಾಕುನಾಯಿಯನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು, ಬೆಟ್ಟದ ತಪ್ಪಲಿಗೆ ಹೊರಡುವವರು ಎಷ್ಟೋ ಮಂದಿ. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳನ್ನು ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿನವರೆಗೆ ಕಾರಿನಲ್ಲಿ ಮೊಟ್ಟಮೊದಲು ದಾಟಿದ ತಂಡದಲ್ಲಿಯೇ ಒಂದು ನಾಯಿ ಇದ್ದಿತೆಂಬುದು ಬಹುಮಂದಿಗೆ ತಿಳಿಯದು. ಅದು ನಡೆದುದು 1903ರಲ್ಲಿ. ಆ ನಾಯಿಯ ಹೆಸರು ಬಡ್.

ಆ ಕಾಲದ ಅಮೆರಿಕವನ್ನು ಇಂದಿನ ಅಮೆರಿಕವೆಂದು ಭಾವಿಸಬಾರದು. ಖಂಡದಷ್ಟು ವಿಶಾಲವಾದ ಆ ದೇಶದಲ್ಲಿ ಗಟ್ಟಿಯಾಗಿ ಹಾಸಿ ಕಟ್ಟಿದ ರಸ್ತೆ ಎಲ್ಲವೂ ಸೇರಿ 150 ಮೈಲಿಯೂ ಇರಲಿಲ್ಲವೆಂದು ಹೇಳುತ್ತಾರೆ. ಅದೂ ಪಟ್ಟಣಗಳೊಳಗೆ ಮಾತ್ರ. ಉಳಿದುದೆಲ್ಲ ಮಣ್ಣಿನ ಹಾದಿ. ಪಶ್ಚಿಮದ ಬೆಟ್ಟ ಮತ್ತು ಮರುಭೂಮಿಗಳಲ್ಲಿ ಕುದುರೆಬಂಡಿಗಳ ಚಕ್ರದ ಜಾಡೇ ದಾರಿ. ದಾರಿ ತೋರಿಸುವ ಫಲಕಗಳಿರಲಿಲ್ಲ. ಪೆಟ್ರೋಲ್ ಮಾರುವ ಬಂಕುಗಳಿರಲಿಲ್ಲ. ಬೇಕಾದವರು ಹಳ್ಳಿಯ ಅಂಗಡಿಯಲ್ಲಿ ಡಬ್ಬಗಳಲ್ಲಿ ಕೊಳ್ಳಬೇಕಾಗಿದ್ದಿತು. ಮೋಟಾರು ಕಾರನ್ನು ಜನ ಸಿರಿವಂತರ ಆಟಿಕೆಯೆಂದೇ ಎಣಿಸಿದ್ದರು. ದೂರದ ಪ್ರಯಾಣಕ್ಕೆ ರೈಲು, ಊರ ಸುತ್ತಿನ ಕೆಲಸಕ್ಕೆ ಕುದುರೆ ಎಂಬುದು ಸಾಮಾನ್ಯರ ನಂಬಿಕೆ. 1901ರಲ್ಲಿ ಒಬ್ಬ ಕಾರು ತಯಾರಕನು ದೇಶವನ್ನು ದಾಟಲು ಹೊರಟು, ನೆವಾಡದ ಮರಳಿನಲ್ಲಿ ಚಕ್ರಗಳು ಹೂತುಹೋದುದರಿಂದ ಪ್ರಯತ್ನವನ್ನು ಕೈಬಿಟ್ಟಿದ್ದನು.

1903ರ ಮೇ ತಿಂಗಳಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕ್ಲಬ್ಬಿನಲ್ಲಿ ಇದೇ ಮಾತು ಬಂದಿತು. ಕಾರಿನಲ್ಲಿ ದೇಶವನ್ನು ದಾಟುವುದು ಆಗದ ಮಾತೆಂದು ಅಲ್ಲಿದ್ದವರು ಹೇಳಿದರು. ಕೇಳುತ್ತ ಕುಳಿತಿದ್ದ ಒಬ್ಬನು ಮಾತ್ರ ಅದನ್ನು ಒಪ್ಪಲಿಲ್ಲ. ಅವನ ಹೆಸರು ಹೊರೇಶಿಯೋ ನೆಲ್ಸನ್ ಜಾಕ್ಸನ್, ವಯಸ್ಸು 31. ಪೂರ್ವದ ವರ್ಮಾಂಟ್ ಸಂಸ್ಥಾನದಲ್ಲಿ ವೈದ್ಯನಾಗಿದ್ದವನು. ತೊಂಬತ್ತು ದಿನಗಳೊಳಗೆ ನ್ಯೂಯಾರ್ಕನ್ನು ಸೇರಿ ತೋರಿಸುವೆನೆಂದು ಅವನು 50 ಡಾಲರುಗಳ ಪಂತವನ್ನು ಕಟ್ಟಿದನು. ಆಗ ಅವನ ಬಳಿ ಸ್ವಂತ ಕಾರು ಕೂಡ ಇರಲಿಲ್ಲ! ಯಂತ್ರಗಳ ವಿಚಾರದಲ್ಲಿ ತನಗಿದ್ದ ಅರಿವು ಸಾಲದೆಂದು ತಿಳಿದಿದ್ದ ಜಾಕ್ಸನ್ನನು ಸೀವಾಲ್ ಕ್ರಾಕರ್ ಎಂಬ 22 ವರ್ಷದ ತರುಣನನ್ನು ಜೊತೆಗೆ ಸೇರಿಸಿಕೊಂಡನು. ಕ್ರಾಕರನು ಕಾರು ನಡೆಸುವುದರಲ್ಲಿಯೂ ಅದನ್ನು ದುರಸ್ತಿ ಮಾಡುವುದರಲ್ಲಿಯೂ ನುರಿತವನು. ಅವನ ಸಲಹೆಯಂತೆ ಯಾರೋ ಬಳಸಿದ್ದ ಒಂದು ವಿಂಟನ್ ಕಾರನ್ನು ಕೊಂಡರು. 20 ಅಶ್ವಶಕ್ತಿಯ ಆ ಕಾರಿಗೆ ಮೇಲುಹೊದಿಕೆಯಿರಲಿಲ್ಲ. ಗಾಳಿಯನ್ನು ತಡೆಯುವ ಮುಂಗಾಜೂ ಇರಲಿಲ್ಲ. ಜಾಕ್ಸನ್ನನು ತನ್ನ ಸಂಸ್ಥಾನದ ನೆನಪಿಗಾಗಿ ಅದಕ್ಕೆ ‘ವರ್ಮಾಂಟ್’ ಎಂದು ಹೆಸರಿಟ್ಟನು. ಅವನ ಹೆಂಡತಿ ರೈಲಿನಲ್ಲಿ ಊರಿಗೆ ಹೊರಟಳು.

ಹಿಂದಿನ ಆಸನವನ್ನು ಕಿತ್ತುಹಾಕಿ ಆ ಜಾಗದಲ್ಲಿ ಸಾಮಾನುಗಳನ್ನು ತುಂಬಿದರು. ಮಲಗುವ ಚೀಲಗಳು, ಕಂಬಳಿಗಳು, ರಬ್ಬರಿನ ಮಳೆಯಂಗಿಗಳು, ನೀರಿನ ಚೀಲ, ಅಡಿಗೆಯ ಪಾತ್ರೆಗಳು, ಕೊಡಲಿ, ಸಲಿಕೆ, ದುರಸ್ತಿಯ ಉಪಕರಣಗಳು, ಪೆಟ್ರೋಲ್ ಮತ್ತು ಎಣ್ಣೆಯ ಡಬ್ಬಗಳು, ಕೆಮರಾ, ಬಂದೂಕುಗಳು ಎಲ್ಲವೂ ಅದರಲ್ಲಿ ಸೇರಿದವು. ಇವೆಲ್ಲಕ್ಕಿಂತ ಮುಖ್ಯವಾದುದು ಹಗ್ಗದ ರಾಟೆ. ಕೆಸರಿನಲ್ಲಿ ಕಾರು ಹೂತಾಗ ಅದರ ಒಂದು ತುದಿಯನ್ನು ಮರಕ್ಕೋ ಬಂಡೆಗೋ ಬಿಗಿದು, ಇಬ್ಬರೇ ಮನುಷ್ಯರು ಕಾರನ್ನು ಮೇಲಕ್ಕೆ ಎಳೆಯಬಹುದಾಗಿದ್ದಿತು. ಪಂತವನ್ನು ಕಟ್ಟಿದ ಮೇಲೆ ಒಂದು ವಾರವೂ ಕಳೆದಿರಲಿಲ್ಲ. ಮೇ 23ರಂದು ಅವರು ದೋಣಿಯ ಮೇಲೆ ಕಾರನ್ನು ಏರಿಸಿ, ಕೊಲ್ಲಿಯನ್ನು ದಾಟಿ ಪ್ರಯಾಣವನ್ನು ಆರಂಭಿಸಿದರು.

ಆರಂಭವೇ ಕಷ್ಟದಿಂದ ಕೂಡಿದ್ದಿತು. ಹದಿನೈದು ಮೈಲಿ ಸಾಗುವಷ್ಟರಲ್ಲಿ ಒಂದು ಟೈರು ಒಡೆಯಿತು. ಜೊತೆಗಿದ್ದ ಹೆಚ್ಚುವರಿ ಟೈರು ಒಂದೇ ಒಂದು; ಅದನ್ನು ಮೊದಲ ದಿನವೇ ಹಾಕಿಬಿಡಬೇಕಾಯಿತು. ನೆವಾಡದ ಮರಳನ್ನು ತಪ್ಪಿಸುವ ಉದ್ದೇಶದಿಂದ ಜಾಕ್ಸನ್ನನು ಉತ್ತರದ ಕಡೆಗೆ ಸುತ್ತುಹಾದಿಯನ್ನು ಆರಿಸಿಕೊಂಡಿದ್ದನು. ಆ ಹಾದಿಯಲ್ಲಿ ಕಲ್ಲುಬಂಡೆಗಳು ಹೆಚ್ಚು. ಕಾರಿನ ಕುಲುಕಾಟಕ್ಕೆ ಸಾಮಾನುಗಳು ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು. ಎಂಜಿನ್ನಿನ ಸದ್ದಿನಲ್ಲಿ ಅವು ಬಿದ್ದುದು ಕೇಳಿಸುತ್ತಲೇ ಇರಲಿಲ್ಲ. ಅಡಿಗೆಯ ಪಾತ್ರೆಗಳು ಕಳೆದುಹೋದುದು ಹೀಗೆಯೇ.

ದಾರಿ ಕೇಳಿದಾಗ ಒಬ್ಬ ಹೆಂಗಸು ಅವರನ್ನು ಬೇರೆ ದಿಕ್ಕಿಗೆ ಕಳುಹಿಸಿದಳು. ಅವರು ತಪ್ಪುದಾರಿಯಲ್ಲಿ ತಿರುಗಿ 108 ಮೈಲಿಗಳನ್ನು ವ್ಯರ್ಥವಾಗಿ ಸುತ್ತಬೇಕಾಯಿತು. ಅವಳಿಗೆ ಅವರ ಮೇಲೆ ದ್ವೇಷವೇನೂ ಇರಲಿಲ್ಲ. ಆ ದಾರಿಯಲ್ಲಿದ್ದ ತನ್ನ ಮನೆಯವರು ಕಾರೆಂಬುದನ್ನು ಕಂಡೇ ಇರಲಿಲ್ಲ. ಅವರೂ ಅದನ್ನು ಒಮ್ಮೆ ನೋಡಲೆಂಬುದೇ ಅವಳ ಆಸೆಯಾಗಿದ್ದಿತು! ಟೈರುಗಳು ಮತ್ತೆ ಮತ್ತೆ ಒಡೆದಾಗ ಚಕ್ರಗಳಿಗೆ ಹಗ್ಗವನ್ನು ಸುತ್ತಿಕೊಂಡು ಮುಂದೆ ಸಾಗಿದರು. ಹೊಸ ಟೈರುಗಳಿಗಾಗಿ ತಂತಿ ಕಳುಹಿಸಿ, ಆಲ್ಟುರಾಸ್ ಎಂಬ ಊರಿನಲ್ಲಿ ಮೂರು ದಿನ ಕಾದರು, ಟೈರುಗಳು ಬರಲಿಲ್ಲ.

ಆರೆಗಾನ್ ಸಂಸ್ಥಾನವನ್ನು ಸೇರಿದ ಮೇಲೆ ಕಾರು ಕೆಟ್ಟು ನಿಂತಿತು. ದನಕಾಯುವ ಸವಾರನೊಬ್ಬನು ತನ್ನ ಕುದುರೆಗೆ ಹಗ್ಗ ಕಟ್ಟಿ ಅದನ್ನು ಹತ್ತಿರದ ಪಶುಪಾಲಕರ ಬೀಡಿಗೆ ಎಳೆದುಕೊಂಡು ಹೋದನು. ಕುದುರೆಯನ್ನು ಮೂಲೆಗುಂಪು ಮಾಡಲೆಂದೇ ಹುಟ್ಟಿದ ವಾಹನವನ್ನು ಕುದುರೆಯೇ ಕಾಪಾಡಬೇಕಾಯಿತು. ಇನ್ನೊಮ್ಮೆ ಪೆಟ್ರೋಲೆಲ್ಲ ಸೋರಿಹೋಯಿತು. ಕ್ರಾಕರನು ಒಂದು ಸೈಕಲ್ಲನ್ನು ಬಾಡಿಗೆಗೆ ಪಡೆದು 25 ಮೈಲಿ ದೂರದ ಬರ್ನ್ಸ್ ಊರಿಗೆ ಹೊರಟನು. ಸೈಕಲ್ಲಿನ ಟೈರೂ ಪಂಕ್ಚರ್ ಆಯಿತು. ಅಷ್ಟೆಲ್ಲ ಬವಣೆಪಟ್ಟು ಅವನು ತಂದುದು ನಾಲ್ಕು ಗ್ಯಾಲನ್ ಪೆಟ್ರೋಲ್.

ಹೀಗೆ ಮೂರು ವಾರಗಳು ಕಳೆಯುತ್ತ ಬಂದವು. ಪ್ರಯಾಣದ ಆರಂಭದಿಂದಲೇ ಜಾಕ್ಸನ್ನನಿಗೆ ಒಂದು ಆಸೆಯಿದ್ದಿತು. ಜೊತೆಗೆ ಒಂದು ನಾಯಿ ಇರಬೇಕೆಂಬುದು. ಜೂನ್ ತಿಂಗಳಿನಲ್ಲಿ ಐಡಾಹೋ ಸಂಸ್ಥಾನದ ಕಾಲ್ಡ್‌ವೆಲ್ ಎಂಬ ಊರಿನ ಬಳಿ ಅದು ಕೈಗೂಡಿತು. ಅಲ್ಲಿ ಒಬ್ಬ ಮನುಷ್ಯನಿಂದ 15 ಡಾಲರುಗಳಿಗೆ ಬುಲ್‌ಡಾಗ್ ಜಾತಿಯ ಒಂದು ಎಳೆಯ ನಾಯಿಯನ್ನು ಕೊಂಡುದಾಗಿ ಜಾಕ್ಸನ್ನನು ಹೆಂಡತಿಗೆ ಪತ್ರದಲ್ಲಿ ತಿಳಿಸಿದನು. ಅದೇ ಬಡ್. ಮುಂದೆ ಪತ್ರಿಕೆಗಳವರು ಈ ಸಂಗತಿಗೆ ಬಣ್ಣಬಣ್ಣದ ಕಥೆಗಳನ್ನು ಕಟ್ಟಿದರು. ನಾಯಿ ಕಾಳಗದಿಂದ ಬಿಡಿಸಿ ತಂದುದೆಂದು ಒಬ್ಬರು, ಬೇರೊಂದು ಬಗೆಯಲ್ಲಿ ದೊರೆತುದೆಂದು ಮತ್ತೊಬ್ಬರು ಬರೆದರು.

ಬಡ್ ಬಂದ ಹೊಸದರಲ್ಲಿ ಒಂದು ತೊಂದರೆ ಕಾಣಿಸಿಕೊಂಡಿತು. ಮುಂಗಾಜಿಲ್ಲದ ಕಾರು, ಎದುರಿಗೆ ಬೀಸುವ ಗಾಳಿ, ಗಾಳಿಯ ತುಂಬ ಕ್ಷಾರ ಬೆರೆತ ಬಿಳಿಯ ಧೂಳು. ಮನುಷ್ಯರಿಬ್ಬರೂ ದಪ್ಪ ಗಾಜಿನ ಕನ್ನಡಕಗಳನ್ನು ಧರಿಸಿದ್ದರು. ನಾಯಿಯ ಕಣ್ಣಿಗೆ ರಕ್ಷಣೆಯಿರಲಿಲ್ಲ. ಧೂಳು ಬಿದ್ದು ಬಿದ್ದು ಅದರ ಕಣ್ಣುಗಳು ಉರಿಯತೊಡಗಿದವು. ಅದನ್ನು ಸಾಮಾನುಗಳ ನಡುವೆ ತಳ್ಳಿ ಮುಸುಕು ಹಾಕಬಹುದಾಗಿದ್ದಿತು. ಮುಂದಿನ ಊರಿನಲ್ಲಿ ಯಾರಿಗಾದರೂ ಕೊಟ್ಟುಬಿಡಲೂಬಹುದಾಗಿದ್ದಿತು. ಜಾಕ್ಸನ್ನನು ಹಾಗೆ ಮಾಡಲಿಲ್ಲ. ತಾವು ಧರಿಸುವಂತಹ ಕನ್ನಡಕವನ್ನೇ ಬಡ್‌ಗೂ ಒದಗಿಸಿ, ಅದರ ತಲೆಗೆ ಕಟ್ಟಿದನು. ಕೆಲವೇ ದಿನಗಳಲ್ಲಿ ನಾಯಿ ಅದಕ್ಕೆ ಹೊಂದಿಕೊಂಡಿತು.

ಅಂದಿನಿಂದ ಬಡ್ ಮುಂದಿನ ಸ್ಥಳವನ್ನು ಬಿಟ್ಟು ಕದಲಲಿಲ್ಲ. ಚಾಲಕನಂತೆಯೇ ಅದೂ ದಾರಿಯನ್ನು ದಿಟ್ಟಿಸುತ್ತಿದ್ದಿತು. ಮುಂದೆ ಹಳ್ಳವೋ ದಿಬ್ಬವೋ ಕಂಡರೆ ಕುಲುಕಾಟಕ್ಕೆ ಸಿದ್ಧವಾಗಿ ಕಾಲುಗಳನ್ನು ಊರಿ ನಿಲ್ಲುತ್ತಿದ್ದಿತು. ದಾರಿಯ ಕಷ್ಟಗಳಿಗೆ ಮನುಷ್ಯರಿಬ್ಬರೂ ಬೈಗುಳನ್ನು ಸುರಿಸುತ್ತಿದ್ದರೆಂದೂ, ಮೂವರಲ್ಲಿ ಕೆಟ್ಟ ಮಾತನಾಡದೆ ಪ್ರಯಾಣ ಮುಗಿಸಿದುದು ಬಡ್ ಮಾತ್ರವೆಂದೂ ಜಾಕ್ಸನ್ನನು ತಮಾಷೆಯಾಗಿ ಹೇಳುತ್ತಿದ್ದನು.

ಐಡಾಹೋ ಮತ್ತು ವಯೋಮಿಂಗ್ ಸಂಸ್ಥಾನಗಳ ಹಾದಿ ಅತ್ಯಂತ ಕಠಿಣವಾದುದು. ಮಳೆಯಿಂದ ತೊರೆಗಳು ಉಕ್ಕಿದ್ದವು. ಎಷ್ಟೋ ಕಡೆ ಸೇತುವೆಗಳಿರಲಿಲ್ಲ. ಕಾರು ನೀರಿಗೆ ಇಳಿದು ನಿಂತುಬಿಟ್ಟರೆ ಹಗ್ಗದ ರಾಟೆಯೇ ಗತಿ. ಒಂದೇ ದಿನದಲ್ಲಿ ಹಲವು ಬಾರಿ ಕಾರನ್ನು ಕೆಸರಿನಿಂದ ಎಳೆದು ತೆಗೆಯಬೇಕಾಗುತ್ತಿದ್ದಿತು. ಊರು ಸಿಕ್ಕಿದ ರಾತ್ರಿ ವಸತಿಗೃಹದಲ್ಲಿ ತಂಗುವರು; ಸಿಕ್ಕದಿದ್ದರೆ ಕಾರಿನ ಪಕ್ಕದಲ್ಲಿಯೇ ಬೀಡು. ಬಯಲಿನ ಬೀಡು ಚಿತ್ರದಲ್ಲಿ ಕಂಡಷ್ಟು ಸುಖದ್ದಲ್ಲ. ಹಗಲಿನ ಬಿಸಿಲಿಗೂ ಇರುಳಿನ ಚಳಿಗೂ ಮೈಯೊಡ್ಡಬೇಕು, ನೀರಿರುವೆಡೆಯನ್ನು ಹುಡುಕಬೇಕು, ನಾಳೆಯ ಊಟವೆಲ್ಲಿ ಎಂಬ ಚಿಂತೆಯನ್ನು ತಲೆದಿಂಬಿನ ಕೆಳಗಿಟ್ಟು ಮಲಗಬೇಕು.

ನೀರಿನಿಂದಲೇ ಬಡ್‌ಗೆ ಒಮ್ಮೆ ಆಪತ್ತು ಬಂದಿತು. ದಾರಿಯಲ್ಲಿ ಕಂಡ ಕೆಟ್ಟ ನೀರನ್ನು ಕುಡಿದು ಅದು ಕಾಯಿಲೆ ಬಿದ್ದಿತು. ಬಾಯಾರಿದ ಮನುಷ್ಯನು ನೀರು ಒಳ್ಳೆಯದೋ ಕೆಟ್ಟದೋ ಎಂದು ಯೋಚಿಸಬಲ್ಲನು, ನಾಲಗೆಗೆ ತಾಗಿಸಿ ಉಗುಳಬಲ್ಲನು. ಮೂಕಪ್ರಾಣಿಗೆ ಆ ವಿವೇಕವೆಲ್ಲಿಂದ ಬರಬೇಕು? ಅದೃಷ್ಟದಿಂದ ಬಡ್ ಚೇತರಿಸಿಕೊಂಡಿತು. ವಯೋಮಿಂಗಿನಲ್ಲಿ ಮನುಷ್ಯರ ಪಾಡು ಇದಕ್ಕಿಂತ ಉತ್ತಮವಾಗಿರಲಿಲ್ಲ. ಮೂವತ್ತಾರು ಗಂಟೆಗಳ ಕಾಲ ಅವರಿಗೆ ಒಂದು ತುತ್ತು ಅನ್ನ ಸಿಕ್ಕಲಿಲ್ಲ. ಕಡೆಗೆ ಒಬ್ಬ ಕುರಿಗಾಹಿ ಎದುರಾದನು. ಅವನು ಹುರಿದ ಮಾಂಸವನ್ನೂ ಬೇಯಿಸಿದ ಮುಸುಕಿನ ಜೋಳವನ್ನೂ ಅವರಿಗೆ ಬಡಿಸಿದನು. ಹೆಸರು ಕುಲಗಳನ್ನರಿಯದ ದಾರಿಹೋಕರಿಗೆ ಹೀಗೆ ಅನ್ನವಿಟ್ಟವನ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಆದರೆ ಅವನ ಆ ಒಂದು ಊಟವು ಉಳಿದಿದೆ.

ಇಂತಹ ಸಹಾಯಗಳು ದಾರಿಯುದ್ದಕ್ಕೂ ದೊರೆತವು. ದಾರಿಯಲ್ಲಿ ಜಾಕ್ಸನ್ನನ ಕೋಟು ಕಳೆದುಹೋಯಿತು. ಇದ್ದ ಹಣದಲ್ಲಿ ಹೆಚ್ಚಿನ ಭಾಗವು ಅದರ ಜೇಬಿನಲ್ಲಿದ್ದಿತು. ಹಣವನ್ನು ಚಾಯೆನ್ ಪಟ್ಟಣಕ್ಕೆ ಕಳುಹಿಸುವಂತೆ ಅವನು ಹೆಂಡತಿಗೆ ತಂತಿ ಕೊಡಬೇಕಾಯಿತು. ಚಕ್ರದ ಬೇರಿಂಗಿನ ಗುಂಡುಗಳು ಸವೆದು ಕಾರು ನಿಂತಾಗ ಕ್ರಾಕರನು ಒಬ್ಬ ರೈತನ ಬಳಿಗೆ ಹೋದನು. ಆ ರೈತನು ತನ್ನ ಹುಲ್ಲು ಕೊಯ್ಯುವ ಯಂತ್ರದಲ್ಲಿದ್ದ ಗುಂಡುಗಳನ್ನು ಬಿಚ್ಚಿ ಕೊಡಲು ಒಪ್ಪಿದನು. ‘ಆಪತ್ತಿಗಾದವನೇ ನೆಂಟ’ ಎಂಬ ಗಾದೆ ಆ ದೂರದ ನಾಡಿನಲ್ಲಿಯೂ ಸತ್ಯವಾಯಿತು.

ಅಷ್ಟರಲ್ಲಿ ಈ ಮೂವರ ಸುದ್ದಿ ತಂತಿಯ ಮೂಲಕ ಊರಿಂದೂರಿಗೆ ಹರಡಿದ್ದಿತು. ಅವರ ಹಿಂದೆಯೇ, ಬೇರೆ ಎರಡು ಕಾರು ಕಂಪನಿಗಳ ತಂಡಗಳೂ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಿದ್ದವು. ಆ ತಂಡಗಳಿಗೆ ಕಂಪನಿಗಳ ಬೆಂಬಲವಿದ್ದಿತು. ಜಾಕ್ಸನ್ನನ ಬೆಂಬಲಕ್ಕಿದ್ದುದು ಅವನ ಕೈಯ ಹಣ, ಕ್ರಾಕರನ ಜಾಣ್ಮೆ ಮತ್ತು ಬಡ್‌ನ ಸ್ನೇಹ. ಊರನ್ನು ಸೇರಿದೊಡನೆ ಜನ ಗುಂಪುಗೂಡುತ್ತಿದ್ದರು. ಪತ್ರಿಕೆಯವರ ಕೆಮರಾಗಳು ಕನ್ನಡಕ ಧರಿಸಿದ ನಾಯಿಯ ಕಡೆಗೇ ತಿರುಗುತ್ತಿದ್ದವು. ಜುಲೈ 12ರಂದು ಒಮಾಹಾ ನಗರವನ್ನು ಮುಟ್ಟಿದ ಮೇಲೆ ರಸ್ತೆಗಳು ಸುಧಾರಿಸಿದವು. ಪ್ರಯಾಣ ವೇಗವಾಗಿ ಸಾಗಿತು. ಷಿಕಾಗೋ, ಕ್ಲೀವ್‌ಲೆಂಡ್ ನಗರಗಳು ಹಿಂದೆ ಸರಿದವು. ಬಫಲೋ ನಗರದಿಂದ ಪೂರ್ವಕ್ಕೆ ಹೋಗುವಾಗ ಮಾತ್ರ ದಾರಿಯಲ್ಲಿ ಅಡಗಿದ್ದ ಯಾವುದೋ ಅಡ್ಡಿಗೆ ಕಾರು ಬಡಿದು, ಮೂವರೂ ಹೊರಕ್ಕೆ ಎಸೆಯಲ್ಪಟ್ಟರು. ಪುಣ್ಯಕ್ಕೆ ಯಾರಿಗೂ ಪ್ರಾಣಾಪಾಯವಾಗಲಿಲ್ಲ.

1903ರ ಜುಲೈ 26ರಂದು, ಇನ್ನೂ ಬೆಳಕು ಹರಿಯುವ ಮುನ್ನ, ಧೂಳು ಕೆಸರುಗಳಿಂದ ಮೆತ್ತಿಕೊಂಡಿದ್ದ ‘ವರ್ಮಾಂಟ್’ ನ್ಯೂಯಾರ್ಕ್ ನಗರವನ್ನು ಪ್ರವೇಶಿಸಿತು. ಹೊರಟಂದಿನಿಂದ ಅಂದಿಗೆ 63 ದಿನಗಳಾಗಿದ್ದವು. ನಾಲ್ಕು ಸಾವಿರ ಮೈಲಿಗಿಂತಲೂ ಹೆಚ್ಚಿನ ದಾರಿ ಕ್ರಮಿಸಿದ್ದಿತು; 800 ಗ್ಯಾಲನ್‌ಗಿಂತಲೂ ಹೆಚ್ಚು ಪೆಟ್ರೋಲ್ ಉರಿದಿದ್ದಿತು. ಕಾರಿನ ಬೆಲೆಯೂ ಸೇರಿ ಜಾಕ್ಸನ್ನನಿಗೆ ತಗುಲಿದ ವೆಚ್ಚ ಸುಮಾರು 8,000 ಡಾಲರ್. ಅವನು ಗೆದ್ದ ಪಂತದ ಹಣವಾದರೋ 50 ಡಾಲರ್. ಅದನ್ನೂ ಅವನು ವಸೂಲು ಮಾಡಲಿಲ್ಲವೆಂದು ಹೇಳುತ್ತಾರೆ. ಲಾಭನಷ್ಟಗಳ ತಕ್ಕಡಿಯಲ್ಲಿ ತೂಗಲಾಗದ ಕೆಲಸಗಳೂ ಲೋಕದಲ್ಲಿವೆ.

ನ್ಯೂಯಾರ್ಕಿನಿಂದ ವರ್ಮಾಂಟಿನ ಮನೆಗೆ ಹೋಗುವಾಗಲೂ ಕಾರು ತನ್ನ ಸ್ವಭಾವವನ್ನು ಬಿಡಲಿಲ್ಲ. ಮನೆ ಇನ್ನು ಹದಿನೈದು ಮೈಲಿಯಿರುವಾಗ ಅದು ನಿಂತಿತು. ಸಹಾಯಕ್ಕೆಂದು ಜಾಕ್ಸನ್ನನ ಸಹೋದರರಿಬ್ಬರು ತಮ್ಮ ತಮ್ಮ ಕಾರುಗಳಲ್ಲಿ ಬಂದರು. ಆ ಎರಡು ಕಾರುಗಳೂ ಕೆಟ್ಟುನಿಂತವು! ಕಡೆಗೆ ‘ವರ್ಮಾಂಟ್’ ಚೇತರಿಸಿಕೊಂಡು ಅವೆರಡನ್ನೂ ಎಳೆದುಕೊಂಡು ಬಂದಿತು. ತನ್ನ ಕೊಟ್ಟಿಗೆಯ ಹೊಸ್ತಿಲನ್ನು ದಾಟುವಾಗ ಅದರ ಚಕ್ರಗಳನ್ನು ತಿರುಗಿಸುವ ಸರಪಣಿ ತುಂಡಾಯಿತು. ದಾರಿಯುದ್ದಕ್ಕೂ ಬದಲಾಯಿಸದೆ ಉಳಿದಿದ್ದ ಕೆಲವೇ ಭಾಗಗಳಲ್ಲಿ ಅದೂ ಒಂದು.

ಕ್ರಾಕರನು ಬಹುಕಾಲ ಬದುಕಲಿಲ್ಲ, 1913ರಲ್ಲಿಯೇ ತೀರಿಕೊಂಡನು. ಜಾಕ್ಸನ್ನನು 1955ರವರೆಗೆ ಜೀವಿಸಿದ್ದನು. ಬಡ್ ತನ್ನ ಬಾಳಿನ ಉಳಿದ ದಿನಗಳನ್ನು ಜಾಕ್ಸನ್ನನ ಮನೆಯಲ್ಲಿಯೇ ಕಳೆಯಿತು. ಕೀರ್ತಿ ಬರುವವರೆಗೆ ಜೊತೆಗಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಅದನ್ನು ಬೀದಿಗೆ ಬಿಡಲಿಲ್ಲವೆಂಬುದನ್ನು ಗಮನಿಸಬೇಕು. 1944ರಲ್ಲಿ ಜಾಕ್ಸನ್ನನು ತನ್ನ ಕಾರನ್ನೂ ಬಡ್‌ನ ಕನ್ನಡಕವನ್ನೂ ವಾಷಿಂಗ್ಟನ್ ನಗರದ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕೊಟ್ಟನು. ನಾಯಿಯ ನೆನಪನ್ನು ಜತನದಿಂದ ಕಾಪಾಡುವುದು ಕನ್ನಡ ನಾಡಿಗೂ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವೊಂದು ಕಾಳಿ ಎಂಬ ನಾಯಿಯನ್ನು ಕುರಿತು ಹೇಳುತ್ತದೆ. ಗಂಗ ದೊರೆ ಬೂತುಗನಿಂದ ಆ ನಾಯಿಯನ್ನು ಕೇಳಿ ಪಡೆದ ಮಣಲೇರನೆಂಬ ವೀರನು, ಕಾಡುಹಂದಿಯೊಡನೆ ಹೋರಾಡಿ ಸತ್ತ ಅದಕ್ಕಾಗಿ ಕಲ್ಲನ್ನು ನಿಲ್ಲಿಸಿದನು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯಂತೆ ಬಡ್ ಯಾವ ವೀರಕಾರ್ಯವನ್ನೂ ಮಾಡಲಿಲ್ಲ. ಅದು ಕಾರನ್ನು ನಡೆಸಲಿಲ್ಲ, ಟೈರನ್ನು ತಿದ್ದಲಿಲ್ಲ, ದಾರಿಯನ್ನು ತೋರಿಸಲಿಲ್ಲ. ಹಾಗಾದರೆ ಅದರಿಂದ ಆದ ಉಪಯೋಗವೇನು? ಈ ಪ್ರಶ್ನೆಗೆ ಉತ್ತರವು ಬಯಲಿನಲ್ಲಿ ರಾತ್ರಿ ಕಳೆದವರಿಗೆ ಹೊಳೆಯುತ್ತದೆ. ಹಸಿವೆ, ದಣಿವು, ನಿರಾಶೆಗಳು ಕೂಡಿ ಬಂದಾಗ ಇಬ್ಬರು ಮನುಷ್ಯರ ನಡುವೆ ಮಾತು ಬಿರುಸಾಗುವುದು ಸಹಜ. ಅಂತಹ ಹೊತ್ತಿನಲ್ಲಿ ದೂರು ಹೇಳದೆ, ತಪ್ಪು ಹುಡುಕದೆ, ಬಾಲವನ್ನಾಡಿಸುತ್ತ ನಡುವೆ ಬಂದು ಕೂರುವ ಜೀವವೊಂದಿದ್ದರೆ ಮನಸ್ಸು ಹಗುರವಾಗುತ್ತದೆ. ಅದಕ್ಕೆ ನೀರು ಕೊಡುವ, ಅದರ ಮೈಯ ಧೂಳನ್ನು ಒರಸುವ ನೆಪದಲ್ಲಿ ಮನುಷ್ಯನು ತನ್ನ ಕಷ್ಟವನ್ನು ಅಷ್ಟುಹೊತ್ತು ಮರೆಯುತ್ತಾನೆ.

ಈ ಸಂಗಾತಿತನಕ್ಕೆ ಒಂದು ಮೇರೆಯೂ ಉಂಟು. ಅಮೆರಿಕದ ಪ್ರಸಿದ್ಧ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಚಾರ್ಲಿ ಎಂಬ ತನ್ನ ಮುದಿನಾಯಿಯೊಡನೆ, ಮಲಗುವ ಕೋಣೆಯನ್ನು ಅಳವಡಿಸಿದ ಒಂದು ಟ್ರಕ್ಕಿನಲ್ಲಿ ದೇಶವನ್ನು ಸುತ್ತಿದನು. ಆ ಪ್ರವಾಸವನ್ನು ಕುರಿತ ಅವನ ಪುಸ್ತಕವು 1962ರಲ್ಲಿ ಪ್ರಕಟವಾಯಿತು. ಅತ್ಯಂತ ಸಾಧುವೆಂದು ಅವನು ನಂಬಿದ್ದ ಚಾರ್ಲಿ, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಕರಡಿಯನ್ನು ಕಂಡೊಡನೆ ರೋಷದಿಂದ ಹುಚ್ಚೆದ್ದಿತಂತೆ. ಸ್ಟೈನ್‌ಬೆಕ್ ಉದ್ಯಾನವನ್ನು ನೋಡುವ ಆಸೆಯನ್ನು ತೊರೆದು ಹಿಂದಿರುಗಬೇಕಾಯಿತು. ನಮ್ಮ ಮನೆಯಂಗಳದಲ್ಲಿ ಸಾಧುವಾಗಿರುವ ನಾಯಿ ಕಾಡಿನಲ್ಲಿಯೂ ಹಾಗೆಯೇ ಇರುವುದೆಂದು ಹೇಳಲಾಗದು. ಕಾಡುಪ್ರಾಣಿಗಳನ್ನು ಅದು ಬೆದರಿಸಬಹುದು, ತಾನೇ ಅವುಗಳಿಗೆ ತುತ್ತಾಗಬಹುದು. ನಾಯಿಗಳಿಗೆ ಬರುವ ಕೆಲವು ರೋಗಗಳು ಕಾಡಿನ ಪ್ರಾಣಿಗಳಿಗೂ ತಗಲುತ್ತವೆ. ಆಫ್ರಿಕದ ಸೆರೆಂಗೆಟಿ ಬಯಲಿನಲ್ಲಿ 1994ರಲ್ಲಿ ನಾಯಿಗಳ ಡಿಸ್ಟೆಂಪರ್ ರೋಗದಿಂದ ನೂರಾರು ಸಿಂಹಗಳು ಸತ್ತವು. ನಮ್ಮ ದೇಶದ ಅಭಯಾರಣ್ಯಗಳಿಗೂ ರಾಷ್ಟ್ರೀಯ ಉದ್ಯಾನಗಳಿಗೂ ಸಾಕುನಾಯಿಗಳನ್ನು ಸಾಮಾನ್ಯವಾಗಿ ಬಿಡದಿರುವುದಕ್ಕೆ ಇಂತಹ ಕಾರಣಗಳಿವೆ.

ನಾಯಿಯನ್ನು ಕರೆದೊಯ್ಯಬಹುದಾದ ಬೆಟ್ಟಗುಡ್ಡಗಳಲ್ಲಿಯೂ ಎಚ್ಚರ ಬೇಕು. ನಾಯಿಯ ಮೈ ನಮ್ಮಂತೆ ಬೆವರುವುದಿಲ್ಲ. ನಾಲಗೆಯನ್ನು ಚಾಚಿ ಏದುಸಿರು ಬಿಡುವುದರಿಂದಲೇ ಅದು ಮೈಯ ಬಿಸಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳಬೇಕು. ಆದ್ದರಿಂದ ಮಧ್ಯಾಹ್ನದ ಬಿಸಿಲಿನಲ್ಲಿ ಅದನ್ನು ನಡೆಸಬಾರದು. ಕಾದ ಬಂಡೆ ಅದರ ಅಂಗಾಲನ್ನು ಸುಡುತ್ತದೆ. ನಾವು ಚಪ್ಪಲಿ ಧರಿಸಿರುವುದರಿಂದ ಆ ಬಿಸಿ ನಮಗೆ ತಿಳಿಯುವುದಿಲ್ಲ. ಬಾಗಿಲು ಮುಚ್ಚಿದ ಕಾರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟುಹೋದರೂ ಒಳಗಿನ ಬೇಗೆ ಅದರ ಪ್ರಾಣಕ್ಕೆ ಎರವಾಗಬಹುದು. ಕುಡಿಯುವ ನೀರನ್ನು ಒಯ್ಯುವಾಗ ಅದರ ಪಾಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕತ್ತಿಗೆ ಕಟ್ಟಿದ ಹಗ್ಗ ಬೀಡಿನಲ್ಲಿಯೂ ದಾರಿಯಲ್ಲಿಯೂ ಕೈಯಲ್ಲಿರಬೇಕು. ಅದು ದಣಿದಾಗ ನಾವೂ ನಿಲ್ಲಬೇಕು. ಶಿಖರ ಎಷ್ಟೇ ಸಮೀಪದಲ್ಲಿದ್ದರೂ ಹಿಂದಿರುಗಲು ಸಿದ್ಧರಿರಬೇಕು.

ಪ್ರವಾಸಕ್ಕೆ ಬರಬೇಕೆಂದು ನಾಯಿ ಎಂದೂ ಕೇಳುವುದಿಲ್ಲ. ಎಲ್ಲಿಗೆ, ಎಷ್ಟು ದೂರ, ಏಕೆ ಎಂಬುದು ಅದಕ್ಕೆ ತಿಳಿಯದು. ಕರೆದವನ ಮೇಲಿನ ನಂಬಿಕೆಯೊಂದರಿಂದಲೇ ಅದು ಬಂಡಿಯನ್ನು ಏರುತ್ತದೆ. ಆ ನಂಬಿಕೆಯೇ ನಮ್ಮ ಮೇಲೆ ಬೀಳುವ ಹೊಣೆ. 1903ರ ಆ ಪ್ರಯಾಣದಲ್ಲಿ ದೂರದ ದಾಖಲೆಯನ್ನು ಸ್ಥಾಪಿಸಿದ ಕಾರಿನ ವೇಗವನ್ನು ಇಂದಿನ ಯಾವ ಕಾರಾದರೂ ಮೀರಿಸಬಲ್ಲದು. ಆದರೆ ತನ್ನ ಕಣ್ಣಿಗೆ ಬೇಕಾದ ರಕ್ಷಣೆ ಜೊತೆಗಾರನ ಕಣ್ಣಿಗೂ ಬೇಕೆಂದು ಅರಿತು, ಒಂದು ಮೂಕಪ್ರಾಣಿಗೆ ಕನ್ನಡಕವನ್ನು ಕಟ್ಟಿದ ಆ ಮನಸ್ಸನ್ನು ಮೀರಿಸುವುದು ಸುಲಭವಲ್ಲ. ಅದನ್ನು ಕಲಿತವನು ಎಲ್ಲಿಗೆ ಹೊರಟರೂ ಒಳ್ಳೆಯ ಸಹಪ್ರಯಾಣಿಕನಾಗುತ್ತಾನೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಜಾಕ್ಸನ್ನನು ಕಟ್ಟಿದ ಪಂತವೇನು?
2. ದಾರಿ ಕೇಳಿದಾಗ ಹೆಂಗಸು ಪ್ರಯಾಣಿಕರನ್ನು ತಪ್ಪುದಾರಿಗೆ ಕಳುಹಿಸಿದುದು ಏಕೆ?
3. ಬಡ್ ಕಾಯಿಲೆ ಬೀಳಲು ಕಾರಣವೇನು?

ಆ. ಐದಾರು ವಾಕ್ಯಗಳಲ್ಲಿ ಉತ್ತರಿಸಿರಿ.
1. 1903ರಲ್ಲಿ ಅಮೆರಿಕದ ರಸ್ತೆಗಳ ಸ್ಥಿತಿ ಹೇಗಿದ್ದಿತು?
2. ಪ್ರಯಾಣಿಕರಿಗೆ ದಾರಿಯಲ್ಲಿ ದೊರೆತ ಸಹಾಯಗಳನ್ನು ವಿವರಿಸಿರಿ.
3. ‘ಆ ನಂಬಿಕೆಯೇ ನಮ್ಮ ಮೇಲೆ ಬೀಳುವ ಹೊಣೆ’ ಎಂಬ ಮಾತನ್ನು ಪಾಠದ ಘಟನೆಗಳಿಂದ ಸಮರ್ಥಿಸಿರಿ.

ಇ. ನಿಮ್ಮ ಊರಿನ ಸಮೀಪದ ಬೆಟ್ಟಕ್ಕೆ ನಾಯಿಯೊಡನೆ ಎರಡು ದಿನಗಳ ಪ್ರವಾಸ ಹೊರಡುವುದಾದರೆ ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಕುರಿತು ಒಂದು ಪ್ರಬಂಧವನ್ನು ಬರೆಯಿರಿ.